ಸಕ್ಕರೆ ನೀರಿನ ಕೂದಲು

ಸಂಖದ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಬಳೆ ಅಂಗಡಿ. ಅದರ ಗೋಡೆಗೆ ಹತ್ತಿಕೊಂಡೇ ನಿಖತಳ ಬ್ಯೂಟಿ ಪಾರ್ಲರು. ಪಾರ್ಲರು ಎಂದರೆ ಒಂದು ಕೋಣೆ, ಒಂದು ಕನ್ನಡಿ, ಹಿಡಿಕೆ ಮುರಿದ ಒಂದು ಕುರ್ಚಿ, ಬಾಗಿಲಿಗೆ ತಿಳಿ ನೇರಳೆ ಬಣ್ಣದ ಪರದೆ. ಬುದ್ಧಿ ಇದ್ದವರು ಯಾರೂ ನಮ್ಮ ಕಡೆ ಅಂಥ ಬಣ್ಣ ಹಾಕುವುದಿಲ್ಲ, ಧೂಳಿಗೆ ಎರಡೇ ದಿನದಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ನಿಖತ ಮಾತ್ರ ಒಗೆದು ಒಗೆದು ಅದನ್ನೇ ಕಟ್ಟುತ್ತಿದ್ದಳು. ಅವಳ ಸಿನಿಮಾದ ಕಿಟಕಿಗೆ ಅಂಥದೇ ಪರದೆ ಇತ್ತಂತೆ.

ಅವಳ ಸಿನಿಮಾ ಎಂದರೆ, ಸಣ್ಣವಳಿದ್ದಾಗ ವಿಜಯಪುರದ ಖಾಲಾನ, ಅಂದರೆ ಚಿಕ್ಕವ್ವನ, ಮನೆಯ ಟಿವಿಯಲ್ಲಿ ಅರ್ಧ ನೋಡಿದ್ದು. ಯಾವ ದೇಶದ್ದೋ, ಹೆಸರೇನೋ, ಅವಳಿಗೂ ಗೊತ್ತಿಲ್ಲ. ಮಂಜು ಮುಸುಕಿದ ಹೊಳೆದಂಡೆ, ತೆಳ್ಳನೆಯ ಬಿಳಿ ಫ್ರಾಕು ತೊಟ್ಟ ಹುಡುಗಿಯರು, ಸೊಂಟದವರೆಗೆ ಸುರುಳಿ ಸುರುಳಿಯಾಗಿ ಬಿಟ್ಟ ಕೂದಲು, ಅದರಲ್ಲಿ ಅಲ್ಲೊಂದು ಇಲ್ಲೊಂದು ರಿಬ್ಬನ್ನು. ಮದುವೆಯಾಗಿ ಕೈಗೆ ಫೋನು ಬಂದ ಮೇಲೆ ಅದೇ ಜಾತಿಯ ಸಿನಿಮಾಗಳನ್ನು ಹುಡುಕಿ ಹುಡುಕಿ ನೋಡತೊಡಗಿದಳು. ಕಥೆ ಅವಳಿಗೆ ಬೇಕಿರಲಿಲ್ಲ. ಆವಾಜು ಬಂದ್ ಮಾಡಿ, ಚಿತ್ರ ನಿಲ್ಲಿಸಿ, ತೋಳಿನ ನಿರಿಗೆ ಎಲ್ಲಿಂದ ಶುರುವಾಗಿದೆ, ಪಿನ್ನು ಎಲ್ಲಿ ಅಡಗಿದೆ ಎಂದು ನೋಡುತ್ತ ಕೂರುತ್ತಿದ್ದಳು.

ಹಾಗೆ ಕಲಿತ ವಿದ್ಯೆಯನ್ನು ನಮ್ಮ ಮದುಮಕ್ಕಳ ಮೇಲೆ ಹಾಕಿದಳು. ಉಬ್ಬು ತೋಳಿನ ಕುಪ್ಪಸ, ಬೆರಳಲ್ಲಿ ತಿಕ್ಕಿದಂಥ ಮಾಸಲು ತುಟಿಬಣ್ಣ, ಬಿಟ್ಟ ಕೂದಲು. ಮುದುಕಿಯರು ಮೂಗು ಮುರಿದರು. ನಾನೂ ಬಿಡಲಿಲ್ಲ. "ಏ ನಿಖತ, ನಿನ್ನ ಮದಿಮಗಳು ಈಗ ನಿದ್ದಿಗಣ್ಣಾಗ ಎದ್ದು ಬಂದಂಗ ಕಾಣತಾಳಲ್ಲ," ಎಂದರೆ ಅವಳು ಖುಷಿಯಿಂದ, "ಹಂಗ ಕಾಣಬೇಕು ಇಂದಕ್ಕಾ, ಕನಸಿನಾಗ ಇದ್ದಂಗ," ಎನ್ನುತ್ತಿದ್ದಳು. ಹುಡುಗಿಯರು ಮಾತ್ರ ಉಟಗಿಯಿಂದ, ದರಿಬಡಚಿಯಿಂದ ಜೀಪು ಹತ್ತಿ ಬಂದರು. ಬೆಳಿಗ್ಗೆ ಜೋಳದ ದಂಟು ಕಿತ್ತ ಹುಡುಗಿ ಆ ಮುರುಕು ಕುರ್ಚಿಯಿಂದ ಎದ್ದು ಕನ್ನಡಿ ನೋಡಿಕೊಳ್ಳುವಾಗ ನನ್ನ ಕಣ್ಣು ತುಂಬಿದ್ದುಂಟು. ಅಷ್ಟು ಚಂದ ಮಾಡುತ್ತಿದ್ದಳು, ಸುಳ್ಳು ಯಾಕೆ ಹೇಳಲಿ.

ದರಿಬಡಚಿಯ ಕಾಜಲ್ ಬಂದದ್ದೂ ಹಾಗೆಯೇ. ಕುರಿ ಕಾಯುವ ಅಮಸಿದ್ದನ ಮಗಳು, ಹನ್ನೆರಡನೇ ಇಯತ್ತೆ ಮುಗಿಸಿದವಳು. ಉಟಗಿಯ ಶಿವಲಿಂಗ ಎಂಬ ಹುಡುಗನ ಜೊತೆ ಮದುವೆ ನಿಶ್ಚಯವಾಗಿತ್ತು. ಇವಳ ಚಿಕ್ಕಪ್ಪನ ಮಗಳ ಮದುವೆಗೆ ಅವನೂ ಬರುವವನಿದ್ದ, ಅವನ ಕಣ್ಣಿಗೆ ಚಂದ ಕಾಣಬೇಕೆಂಬ ಆಸೆ. ಅವಳ ಕೂದಲು ಸೊಂಟ ದಾಟಿತ್ತು. ನಿಖತ ಅಂಥ ಕೂದಲಿಗಾಗಿಯೇ ಇಷ್ಟು ವರ್ಷ ಕಾದಿದ್ದಳೋ ಏನೋ. ಬುಡದಲ್ಲಿ ಬಾಚಣಿಗೆ ಉಲ್ಟಾ ಎಳೆದು ಉಬ್ಬಿಸಿ, ಸುರುಳಿ ಸುತ್ತಿ, ಅದು ಬಿಚ್ಚಬಾರದೆಂದು ಸಕ್ಕರೆ ನೀರು ಚಿಮುಕಿಸಿದಳು. ಸ್ಪ್ರೇ ಡಬ್ಬಿ ತುಟ್ಟಿ, ಸಕ್ಕರೆ ನೀರು ಅವಳ ಸ್ವಂತ ಉಪಾಯ. "ನಾಳಿ ಎಣ್ಣಿ ಹಚ್ಚಿ ಬಾಚಿಕೋ, ಮರೀಬ್ಯಾಡ," ಎಂದು ಎರಡು ಸಲ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಶಿವಲಿಂಗ ಮದುವೆಯಲ್ಲಿ ನೋಡಿ, "ಚಲೋ ಕಾಣತಿ, ಹಿಂಗ ಇರು," ಎಂದನಂತೆ. ಹುಡುಗಿ ಹಾಗೇ ಇದ್ದಳು. ಮರುದಿನ ಕುರಿ ಹಿಂಡಿನ ಜೊತೆ ಅಪ್ಪ, ಅಜ್ಜಿ, ಇವಳು ಕೃಷ್ಣಾ ತೀರದ ಹೊಲಗಳಿಗೆ ಹೊರಟರು. ಸುರುಳಿ ಕೆಡಬಾರದೆಂದು ತಲೆಗೆ ಅರಿವೆ ಬಿಗಿದು ಮಲಗಿದಳು, ಅರಿವೆ ಬಿಗಿದು ನಡೆದಳು. ಸಕ್ಕರೆ, ಬೆವರು, ಕುರಿಧೂಳು. ತಿರುಗಿ ಊರಿಗೆ ಬರುವಷ್ಟರಲ್ಲಿ ಹಿಂದಲೆಯ ಕೂದಲು ಗಂಟುಗಟ್ಟಿ ಒಂದೇ ಮುದ್ದೆಯಾಗಿತ್ತು.

ಮೊದಲು ಕಂಡವಳು ಅಜ್ಜಿ ಮಲಕವ್ವ. ಬೇರೆ ಊರಿನವಳಾಗಿದ್ದರೆ ಬೈದು ಬಾಚಣಿಗೆ ತರುತ್ತಿದ್ದಳು. ನಮ್ಮ ಕಡೆ ಹೆಣ್ಣುಮಗಳ ತಲೆ ಜಡೆಗಟ್ಟಿತೆಂದರೆ ಅದು ಕೊಳೆಯಲ್ಲ, ಎಲ್ಲಮ್ಮ ತಾಯಿ ಬಂದು ಕೂತ ಗುರುತು. ಅದಕ್ಕೆ ಬಾಚಣಿಗೆ ತಾಗಿಸುವಂತಿಲ್ಲ, ಕತ್ತರಿ ಮುಟ್ಟಿಸುವಂತಿಲ್ಲ. ಮಲಕವ್ವ ಮೊಮ್ಮಗಳ ಕಾಲಿಗೆ ಬಿದ್ದು, ಜಡೆಗೆ ದೇವಿಯ ಅರಿಶಿನ ಭಂಡಾರ ಹಚ್ಚಿದಳು. ಬರುವ ಹುಣ್ಣಿಮೆಗೆ ಕೊರಳಿಗೆ ದೇವಿಯ ಮುತ್ತು ಕಟ್ಟುವುದೆಂದು ಮನೆಯೊಳಗೇ ತೀರ್ಮಾನವಾಯಿತು. ಮುತ್ತು ಕಟ್ಟಿದವಳಿಗೆ ಮದುವೆ ಇಲ್ಲ. ಮಂಗಳವಾರ, ಶುಕ್ರವಾರ ಪಡಲಿಗೆ ಬುಟ್ಟಿ ಹಿಡಿದು ಮನೆಮನೆಗೆ ಜೋಗ ಬೇಡುವುದು, ಉಳಿದ ದಿನ ಊರ ಗಂಡಸರ ಕಣ್ಣು ಸಹಿಸುವುದು. ಇದು ಗುನ್ನೆ, ಕಾಯ್ದೆ ಇದೆ, ನನಗೂ ಗೊತ್ತು. ಪೊಲೀಸರಿಗೆ ಹೇಳಬಹುದಿತ್ತಲ್ಲ ಎನ್ನುವವರು ಒಂದು ಸಲ ಮಲಕವ್ವನ ಎದುರು ನಿಂತು ಆ ಮಾತು ಹೇಳಲಿ.

ಸುದ್ದಿ ತಿಳಿದ ದಿನವೇ ನಿಖತ ಪಾರ್ಲರಿಗೆ ಬೀಗ ಹಾಕಿ ದರಿಬಡಚಿಗೆ ಹೋದಳು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದಳು.

"ಆಯಿ, ಇದು ದೇವರದಲ್ಲರಿ. ನಾನ ಸಕ್ಕರಿ ನೀರು ಹಾಕಿದ್ದೆ. ಅದು ಅಂಟಿ ಹಿಂಗ ಆಗೇತಿ. ತಪ್ಪು ನಂದು."

ಮಲಕವ್ವ ಸಿಟ್ಟಾಗಲಿಲ್ಲ. ಚಹಾ ಕೊಟ್ಟು, ನಿಧಾನವಾಗಿ ಕೇಳಿದಳು. "ಸಕ್ಕರಿ ನೀರು ಎಷ್ಟ ಮಂದಿ ತಲಿಗೆ ಹಾಕೀದಿ ಮಗಳ?"

"ಭಾಳ ಮಂದಿಗೆ ಹಾಕೀನ್ರಿ."

"ಅವರಿಗೆ ಯಾರಿಗೂ ಬರಲಿಲ್ಲ. ಇಕಿಗೆ ಯಾಕ ಬಂತು? ತಾಯಿಗೆ ಬರಾಕ ಒಂದು ನೆವ ಬೇಕಿತ್ತು, ನಿನ್ನ ಕೈ ಸಿಕ್ತು."

ಅಮಸಿದ್ದ ಗೋಡೆಗೆ ಒರಗಿ ಕೂತು ಕೇಳುತ್ತಿದ್ದ.

ಹುಣ್ಣಿಮೆ ಹತ್ತಿರ ಬಂತು. ಸಂತೆಯ ದಿನ ಅಮಸಿದ್ದ ಅವ್ವನನ್ನೂ ಮಗಳನ್ನೂ ಕರೆದುಕೊಂಡು ಸಂಖಕ್ಕೆ ಬಂದ. ಮುತ್ತು ಕಟ್ಟುವಾಗ ಹಸಿರು ಬಳೆ, ಹೊಸ ಸೀರೆ ಬೇಕು. ನನ್ನ ಅಂಗಡಿ ಮುಂದೆ ನಿಂತು, "ಇಂದಕ್ಕಾ, ಹುಡುಗಿಗೆ ಬಳಿ ತೊಡಸ್ರಿ. ನಾನೂ ಅವ್ವನೂ ಸೀರಿ ತರತೀವಿ. ತಡಾ ಆಗತೈತಿ," ಎಂದ. ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದು, "ಭಾಳ ತಡಾ ಆಗತೈತ್ರಿ," ಎಂದು ಇನ್ನೊಮ್ಮೆ ಹೇಳಿ ಹೋದ.

ಅವರು ಸಂತೆಯ ಗದ್ದಲದಲ್ಲಿ ಮರೆಯಾದದ್ದೇ ತಡ, ಕಾಜಲ್ ಬಳೆ ಬಿಟ್ಟು ನೇರಳೆ ಪರದೆ ಸರಿಸಿ ಒಳಗೆ ಹೋದಳು. ನಾನು ಅಂಗಡಿ ಬಿಟ್ಟು ಪಾರ್ಲರಿನ ಹೊಸ್ತಿಲ ಮೇಲೆ ಕಾವಲು ಕೂತೆ.

"ಅಕ್ಕಾ, ಕತ್ತರಸ್ರಿ," ಎಂದಳು ಹುಡುಗಿ. "ಬೋಳ ಆದ್ರೂ ಚಿಂತಿಲ್ಲ. ಕತ್ತರಿಸಿ ಚಲ್ಲಿ ಬಿಟ್ರ ಮುಗೀತು. ಶಿವಲಿಂಗ ಕಾಯತೀನಿ ಅಂದಾನ."

ನಿಖತ ಕತ್ತರಿ ತೆಗೆದುಕೊಂಡಳು. ಎಡಗೈಯಿಂದ ಕೂದಲು ಎತ್ತಿದಳು. ಗಂಟು ಇದ್ದದ್ದು ಹಿಂದಲೆಯಲ್ಲಿ ಅಂಗೈಯಷ್ಟು. ಅದರ ಕೆಳಗೆ ಸೊಂಟದವರೆಗೆ ಕೂದಲು ಇನ್ನೂ ನಯವಾಗಿಯೇ ಇಳಿದಿತ್ತು. ಅದನ್ನು ಕೈಯಲ್ಲಿ ಹಿಡಿದು ತುದಿಯವರೆಗೆ ಸವರಿದಳು. ಆಮೇಲೆ ಕತ್ತರಿಯನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟಳು.

"ಕತ್ತರಸೂದು ಬ್ಯಾಡ, ಬಿಡಸ್ತೀನಿ. ಬಿಡಿಸಿದ್ರ ತಾಯಿ ತಾನಾಗಿ ಹೋದಳು ಅಂತಾರ. ಕತ್ತರಿ ಹಾಕಿದ್ರ, ಹಾಕಿದಾಕಿ ಸಾಬರಾಕಿ ಅಂತಾರ."

ಅದು ಖರೇ. ಅಂಥ ಹೆದರಿಕೆ ಇರಲೇಬೇಕು, ಇರದಿದ್ದರೆ ಹುಚ್ಚಿ. ಆದರೆ ಅವಳ ಕೈ ತಡೆದದ್ದು ಅದೊಂದೇ ಅಲ್ಲ. "ಹಾಕ ಕತ್ತರಿ, ಕೂದಲ ಮತ್ತ ಬರತಾವ," ಎಂದು ನಾನು ಹೊಸ್ತಿಲಿಂದ ಗದರಿದಾಗ ಅವಳು ಹೇಳಿದ್ದು ಇಷ್ಟೇ. "ಇಂಥಾ ಕೂದಲ ಎಲ್ಲಿಂದ ಬರತಾವ ಇಂದಕ್ಕಾ."

ಕೊಬ್ಬರಿ ಎಣ್ಣೆ ಸುರುವಿದಳು. ದಬ್ಬಣದ ಮೊನೆಯಿಂದ ಒಂದೊಂದೇ ಎಳೆ ಎಬ್ಬಿಸತೊಡಗಿದಳು. ಕಾಜಲ್ ತುಟಿ ಕಚ್ಚಿ ಕೂತಿದ್ದಳು, ಕಣ್ಣಲ್ಲಿ ನೀರು. ಹೊರಗೆ ಎರಡು ಬಸ್ಸು ಬಂದವು, ಹೋದವು. ನಾನು ಮತ್ತೆ ಹೇಳಿದೆ, ಸಿಟ್ಟಿನಿಂದ ಹೇಳಿದೆ. ನಿಖತ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಕೊನೆಗೆ ಕಿರುಬೆರಳಷ್ಟು ದಪ್ಪದ ಒಂದು ಕೂದಲ ಲಟ ಗಂಟಿನಿಂದ ಬಿಡಿಸಿಕೊಂಡು ಬಂತು. ಅದು ಎಣ್ಣೆಯಲ್ಲಿ ಮಿರಿಮಿರಿ ಮಿಂಚುತ್ತ ತಾನೇ ಸುರುಳಿಯಾಗಿ ಭುಜದ ಮೇಲೆ ಇಳಿಯಿತು. ನಿಖತ ಅದನ್ನು ಕನ್ನಡಿಗೆ ಹಿಡಿದು, "ನೋಡ, ಹಂಗ ಐತಿ, ಸಿನಿಮಾದಾಗ ಇದ್ದಂಗ," ಎಂದು ನಕ್ಕಳು.

ಆಗಲೇ ಮಲಕವ್ವನ ದನಿ ಕೇಳಿಸಿತು. ನಾನು ಏಳುವಷ್ಟರಲ್ಲಿ ಅವಳು ನನ್ನನ್ನು ದಾಟಿ ಒಳಗೆ ನಿಂತಿದ್ದಳು. ಕಿರುಚಲಿಲ್ಲ. ಎಣ್ಣೆ ನೋಡಿದಳು, ದಬ್ಬಣ ನೋಡಿದಳು. ಸೆರಗಿನ ಗಂಟು ಬಿಚ್ಚಿ ಭಂಡಾರ ತೆಗೆದು ಆ ಲಟಕ್ಕೆ ಹಚ್ಚಿ, ಅದನ್ನು ತಿರುಗಿ ಜಡೆಯ ಗಂಟಿಗೇ ಸುತ್ತಿ ಕಟ್ಟಿದಳು. "ತಪ್ಪಾತ ತಾಯಿ, ಹೊಟ್ಟ್ಯಾಗ ಹಾಕ್ಕೋ," ಎಂದು ಗಲ್ಲ ಬಡಿದುಕೊಂಡು ಮೊಮ್ಮಗಳ ರಟ್ಟೆ ಹಿಡಿದಳು. ಕಾಜಲ್ ಅಳಲಿಲ್ಲ. ಹೋಗುವಾಗ ಹಲಗೆಯ ಮೇಲಿನ ಕತ್ತರಿಯನ್ನೊಮ್ಮೆ ನೋಡಿದಳು. ಅಮಸಿದ್ದ ಸೀರೆಯ ಚೀಲ ಹಿಡಿದು ಹೊರಗೇ ನಿಂತಿದ್ದ.

ಹುಣ್ಣಿಮೆಗೆ ಮುತ್ತು ಕಟ್ಟಿದರು. ಶಿವಲಿಂಗನ ಮನೆಯವರು ಬೇರೆ ಕಡೆ ಹೆಣ್ಣು ನೋಡಿದರು. ಕಾಜಲ್ ಮಂಗಳವಾರ ಸಂಖಕ್ಕೂ ಜೋಗಕ್ಕೆ ಬರುತ್ತಾಳೆ. ನಿಖತ ಅವಳ ಪಡಲಿಗೆಗೆ ಜೋಳದ ಹಿಟ್ಟು ಹಾಕುತ್ತಾಳೆ, ಹಣೆಗೆ ಭಂಡಾರ ಹಚ್ಚಿಸಿಕೊಳ್ಳುತ್ತಾಳೆ.

ಹೋದ ತಿಂಗಳು ಸಾಣೆ ಹಿಡಿಯುವವನು ಬಸ್ ಸ್ಟ್ಯಾಂಡಿನ ಬಳಿ ಕೂತಿದ್ದ. ಕುರಿಯ ಉಣ್ಣೆ ಕತ್ತರಿಸುವ ಕಾಲ. ಅಮಸಿದ್ದ ತನ್ನ ದೊಡ್ಡ ಕತ್ತರಿಗೆ ಸಾಣೆ ಹಿಡಿಸಿಕೊಂಡು, ಹೆಬ್ಬೆರಳಿಂದ ಅಲಗು ಮುಟ್ಟಿ ನೋಡುತ್ತ ನಮ್ಮ ಕಟ್ಟೆಗೆ ಬಂದ. ನಿಖತ ಬಾಗಿಲಲ್ಲೇ ಇದ್ದಳು.

"ತಂಗೀ, ಆ ದಿನ ನಿನ್ನ ಕತ್ತರಿ ಮೊಂಡ ಆಗಿತ್ತೇನ?"

"ಇಲ್ರಿ ಅಣ್ಣಾ. ಹರಿತ ಇತ್ತು."

ಅವನು ತಲೆಯಾಡಿಸಿದ. "ಕುರಿ ಕೂದಲ ಗಂಟಾದ್ರ ನಾ ಬಿಡಿಸಾಕ ಕುಂದ್ರಂಗಿಲ್ಲ. ನನ್ನ ಮಗಳ ತಲ್ಯಾಗಿಂದೂ ಅದ ಗಂಟು, ಮುಟ್ಟಿದ ಕೂಡಲೆ ನನಗ ತಿಳೀತು. ಆದ್ರ ಅವ್ವನ ಮುಂದ ನನ್ನ ಕೈ ಏಳಂಗಿಲ್ಲ. ಅದಕ ಆಕಿನ್ನ ನಿನ್ನ ಗ್ವಾಡಿ ಮಗ್ಗಲಕ್ಕ ಬಿಟ್ಟು, ಅವ್ವನ್ನ ಊರಾಗಿನ ಅರಿಬಿ ಅಂಗಡಿ ಎಲ್ಲಾ ತಿರುಗಿಸಿದೆ. ಬ್ಯಾಡ ಅಂದ ಸೀರಿನೂ ಬಿಚ್ಚಿಸಿದೆ. ಅಷ್ಟ ಹೊತ್ತಿನ್ಯಾಗ ನಾ ಅರ್ಧ ಹಿಂಡ ಕತ್ತರಿಸಿ ಮುಗಸ್ತಿದ್ದೆ, ತಂಗಿ."

ದರಿಬಡಚಿಯ ಜೀಪು ಹಾರ್ನು ಹೊಡೆಯಿತು. ಅವನು ಕತ್ತರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋಗಿ ಜೀಪು ಹತ್ತಿದ.