ದೇವಕಮ್ಮನ ಅಕ್ಷರಶಃ ಅನುವಾದ

ದೆಹಲಿಯಲ್ಲಿ ಧರಣಿಗಳು ನಡೆಯುವ ಜಂತರ್ ಮಂತರ್‌ಗೆ ಕೂಗಳತೆಯ ದೂರದಲ್ಲಿದ್ದ ಪೊಲೀಸ್ ಠಾಣೆಯ ಎದುರು, ಬೇವಿನ ಮರದ ಕೆಳಗೆ, ದೇವಕಮ್ಮ ಹಿಂದಿ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದಳು. ಚನ್ನರಾಯಪಟ್ಟಣದಿಂದ ಮದುವೆಯಾಗಿ ಬಂದವಳು. ಗುಮಾಸ್ತನಾಗಿದ್ದ ಗಂಡ ತೀರಿಕೊಂಡ ಮೇಲೆ ಟೈಪಿಂಗ್ ಕಲಿತು, ಕರೋಲ್ ಬಾಗ್‌ನ ಒಂದು ಕೋಣೆಯಿಂದ ದಿನಾ ಬಸ್ ಹಿಡಿದು ಬರುತ್ತಿದ್ದಳು. ಧರಣಿಗೆ ಅನುಮತಿ ಬೇಡುವ ಅರ್ಜಿಗಳೇ ಅವಳ ಕಸುಬು. ಕೆಂಪು ಬಾವುಟದವರು, ಕೇಸರಿ ಬಾವುಟದವರು, ಬಾವುಟವೇ ಇಲ್ಲದವರು, ಎಲ್ಲರೂ ಅವಳ ಮುಂದೆ ಸಾಲು ನಿಲ್ಲಬೇಕು. ಬೆಳಿಗ್ಗೆ ಸರ್ಕಾರಕ್ಕೆ ಧಿಕ್ಕಾರ ಟೈಪ್ ಮಾಡಿದವಳು ಮಧ್ಯಾಹ್ನ ಅದೇ ಸರ್ಕಾರಕ್ಕೆ ಜಯಕಾರ ಟೈಪ್ ಮಾಡುತ್ತಿದ್ದಳು. "ನನ್ನ ಬೆರಳಿಗೆ ರಾಜಕೀಯ ಇಲ್ಲ, ನಾಲಿಗೆಗೆ ಮಾತ್ರ ಇದೆ" ಎನ್ನುವುದು ಅವಳ ಮಾತು.

೨೦೦೫ರ ಡಿಸೆಂಬರಿನಲ್ಲಿ ಮಂಡ್ಯದ ಕಡೆಯ ಅರವತ್ತು ಅಂಗನವಾಡಿ ಹೆಂಗಸರು ರೈಲಿಳಿದು ಬಂದರು. ತಮ್ಮನ್ನು ಸ್ವಯಂಸೇವಕಿಯರು ಎನ್ನುವುದು ಬಿಟ್ಟು ನೌಕರರು ಎನ್ನಬೇಕು ಎಂಬುದು ಅವರ ಬೇಡಿಕೆ. ಮುಂದಾಳು ಸುಶೀಲಾ ಬೇವಿನ ಮರದ ಕೆಳಗೆ ಕನ್ನಡ ಕೇಳಿದ್ದೇ ತಡ, ದೇವಕಮ್ಮನ ಕೈ ಹಿಡಿದುಕೊಂಡಳು.

"ಅಕ್ಕಾ, ಘೋಷಣೆಗಳನ್ನೆಲ್ಲ ಮೊದಲೇ ಹಿಂದೀಲಿ ಬರ್ಕೊಡಬೇಕಂತೆ. ಆ ಮೀಸೆಯಪ್ಪ ಹಠ ಹಿಡಿದವ್ನೆ."

ಮೀಸೆಯಪ್ಪ ಎಂದರೆ ಸಬ್ ಇನ್ಸ್‌ಪೆಕ್ಟರ್ ದಹಿಯಾ. ಅರ್ಥವಾಗದ ಭಾಷೆಯಲ್ಲಿ ಜನ ಕೂಗಿದರೆ ಅವನಿಗೆ ಅನುಮಾನ. ಪ್ರಚೋದನಕಾರಿ ಮಾತಿದ್ದರೆ ಅನುಮತಿ ಇಲ್ಲ ಎಂದಿದ್ದ.

ದೇವಕಮ್ಮ ಪಟ್ಟಿ ಓದಿದಳು. ನಾಲ್ಕನೆಯದಕ್ಕೆ ಬಂದವಳೇ ಪೆನ್ನಿನಿಂದ ಗೀರು ಎಳೆದು ಹೊಡೆದು ಹಾಕಿದಳು. 'ಕಚೇರಿ ಗಾಜು ಪುಡಿಪುಡಿ' ಎಂದಿತ್ತು.

"ಇದು ಬೇಡ ಸುಶೀಲಾ. ಮೂರು ವರ್ಷದ ಹಿಂದೆ ಯಾರೋ ಹೀಗೇ ಕೂಗಿದ್ರು, ಇನ್ಯಾರೋ ಕಲ್ಲು ಎತ್ಕೊಂಡ್ರು. ಇಲ್ಲೇ, ನನ್ನ ಮೇಜಿನ ಮುಂದೆ, ಒಬ್ಬ ಕಾನ್‌ಸ್ಟೇಬಲ್‌ನ ಹಣೆ ಸೀಳಿತ್ತು. ನನ್ನ ಸೆರಗಿಂದಲೇ ಒತ್ತಿ ಹಿಡಿದಿದ್ದೆ."

"ಹಂಗಾದ್ರೆ ಉಳಿದವು?"

"ಉಳಿದವು ಬೈಗುಳ. ಬೈದ್ರೆ ರಕ್ತ ಬರಲ್ಲ" ಎಂದು ದೇವಕಮ್ಮ ಟೈಪ್ ಮಾಡತೊಡಗಿದಳು. ಒಂದಕ್ಷರವನ್ನೂ ತಿರುಚಲಿಲ್ಲ. ಪದಕ್ಕೆ ಪದ ಇಟ್ಟಳು, ಅಷ್ಟೆ.

ದಹಿಯಾ ಹಾಳೆ ಓದುತ್ತ ಓದುತ್ತ ಮೆತ್ತಗಾದ. "ಮಂತ್ರಿಗಳ ಗ್ರಹಚಾರ ಬಿಡಿಸುತ್ತೇವೆ. ಅಚ್ಛಾ, ಶಾಂತಿ ಮಾಡಿಸುತ್ತಾರಾ? ಮಂತ್ರಿಗಳ ಚಳಿ ಬಿಡಿಸುತ್ತೇವೆ. ಸರಿ, ಡಿಸೆಂಬರ್ ಬೇರೆ. ಮಂತ್ರಿಗಳಿಗೆ ಮಂಗಳಾರತಿ ಎತ್ತುತ್ತೇವೆ..." ಅವನು ತಲೆಯೆತ್ತಿದ. "ದೇವಕೀ ಜೀ, ನಿಮ್ಮ ಕಡೆಯವರು ಎಷ್ಟು ಸಂಸ್ಕಾರವಂತರು! ಇಲ್ಲಿನವರು ಬರೀ ಮುರ್ದಾಬಾದ್ ಅಂತಾರೆ."

"ನಮ್ಮದು ಹಳೇ ಭಾಷೆ ಸಾಹೇಬ್ರೇ" ಎಂದಳು ದೇವಕಮ್ಮ, ರಿಬ್ಬನ್ ಸರಿಮಾಡುವ ನೆಪದಲ್ಲಿ ಮುಖ ತಗ್ಗಿಸಿ.

ಬೆಂಕಿ ಹಚ್ಚಕೂಡದು, ಕೋಲು ತರಕೂಡದು ಎಂಬ ಷರತ್ತಿನ ಮೇಲೆ ಠಸ್ಸೆ ಬಿತ್ತು. ಅಲ್ಲಿಗೇ ಮುಗಿಯಬೇಕಿತ್ತು. ಆದರೆ ದಹಿಯಾ ಆ ಹಾಳೆಯನ್ನು ಹೆಮ್ಮೆಯಿಂದ ಮೇಲಕ್ಕೆ ಕಳಿಸಿದ. ಅದು ಮೇಜಿನಿಂದ ಮೇಜಿಗೆ ಹತ್ತಿ ಅಂಗನವಾಡಿ ನೋಡಿಕೊಳ್ಳುವ ಇಲಾಖೆಯ ಕೇಂದ್ರ ರಾಜ್ಯ ಸಚಿವರ ಕಣ್ಣಿಗೆ ಬಿತ್ತು. ದಕ್ಷಿಣದ ಹೆಂಗಸರು ತನಗೆ ಆರತಿ ಎತ್ತಲು ಬಂದಿದ್ದಾರೆಂದು ತಿಳಿದ ಸಚಿವರು ಮರುದಿನ ಹನ್ನೊಂದಕ್ಕೆ, ನಾಲ್ವರು ಫೋಟೋಗ್ರಾಫರ್‌ಗಳೊಡನೆ, ಜಂತರ್ ಮಂತರ್‌ನಲ್ಲಿ ಕಾರಿಳಿದರು.

"ಮಂತ್ರಿಗಳಿಗೆ ಮಂಗಳಾರತಿ!" ಎಂದು ಅರವತ್ತು ಕಂಠ ಗುಡುಗಿತು. ಸಚಿವರು ಕೈಮುಗಿದು ನಿಂತರು. ನಿಂತೇ ಇದ್ದರು. ಆರತಿ ಬರಲಿಲ್ಲ.

"ತಟ್ಟೆ ಎಲ್ಲಿ?" ಎಂದು ದಹಿಯಾ, ಮೇಜು ಬಿಟ್ಟು ನೋಡಲು ಬಂದಿದ್ದ ದೇವಕಮ್ಮನ ಬಳಿ ಪಿಸುಗುಟ್ಟಿದ.

"ಬೆಂಕಿ ಹಚ್ಚಬಾರದು ಅಂತ ನೀವೇ ಬರೆಸಿದ್ದೀರಲ್ಲ."

"ಅರೇ, ಇಷ್ಟಕ್ಕೆ ಏನಾಗುತ್ತೆ!" ದಹಿಯಾ ಒಬ್ಬ ಕಾನ್‌ಸ್ಟೇಬಲ್‌ನನ್ನು ಕರ್ಪೂರಕ್ಕೆ ಹನುಮಾನ್ ಮಂದಿರದ ಕಡೆ ಓಡಿಸಿದ. ಚಹಾದ ಭಯ್ಯಾನಿಂದ ಸ್ಟೀಲ್ ತಟ್ಟೆ ತಾನೇ ಕಸಿದು ತಂದ. ಷರತ್ತು ಹಾಕಿದವನೇ ಕಡ್ಡಿ ಗೀರಿದ.

ಸುಶೀಲಾ ತಬ್ಬಿಬ್ಬಾದಳು. "ಅಕ್ಕಾ, ನಿಜವಾಗ್ಲೂ ಎತ್ತೋದಾ?"

"ಎತ್ತು. ಆದ್ರೆ ಹಾಡೋದು ನಿಮ್ಮಿಷ್ಟ."

ಸುಶೀಲಾಳ ಕಣ್ಣು ಮಿನುಗಿತು. ಸೋಬಾನೆಯ ಧಾಟಿಯಲ್ಲಿ ಶುರು ಹಚ್ಚಿದಳು: "ಆರತಿ ಎತ್ತೀರೆ ಕೇಳದ ಕಿವಿಯವಗೆ, ಕಾಗದ ನುಂಗಿದ ಕುಂಭಕರ್ಣಗೆ..." ಉಳಿದವರು ನಗು ನುಂಗಿ ಸೊಲ್ಲೆತ್ತಿದರು. ಸಚಿವರು ಕಣ್ಮುಚ್ಚಿ ತಲೆದೂಗುತ್ತಿದ್ದರು.

ಹಾಡು ಮುಗಿದಾಗ ದೇವಕಮ್ಮ ಹಿಂದಿಯಲ್ಲಿ ವಿನಯದಿಂದ ಹೇಳಿದಳು: "ನಮ್ಮಲ್ಲಿ ಆರತಿ ತಟ್ಟೆಗೆ ಏನಾದರೂ ಹಾಕುವ ಪದ್ಧತಿ, ಸಾಹೇಬ್ರೇ." ಸಚಿವರ ಕೈ ಜೇಬಿಗೆ ಹೋಯಿತು. "ದುಡ್ಡಲ್ಲ. ಇವರ ಮನವಿಯ ಮೇಲೆ ನಿಮ್ಮ ರುಜು, ಮಾತುಕತೆಗೆ ಒಂದು ದಿನ."

ಕ್ಯಾಮೆರಾಗಳು ನೋಡುತ್ತಿದ್ದವು. ಸಚಿವರು 'ಬುಧವಾರ, ನಾಲ್ಕು ಗಂಟೆ' ಎಂದು ಬರೆದು ರುಜು ಹಾಕಿದರು. ಬುಧವಾರ ಮಾತುಕತೆ ನಡೆಯಿತು. ಬೇಡಿಕೆ ಪೂರ್ತಿ ಈಡೇರಲಿಲ್ಲ. ಆದರೆ ಅವರ ಕಾಗದಕ್ಕೆ ಮೊದಲ ಸಲ ಒಂದು ಕಡತ ಸಂಖ್ಯೆ ಸಿಕ್ಕಿತು. ಅಷ್ಟಕ್ಕೇ ಹೆಂಗಸರು ರೈಲಿನಲ್ಲಿ ದಾರಿಯುದ್ದಕ್ಕೂ ಹಾಡಿಕೊಂಡು ಹೋದರಂತೆ.

ಕರ್ನಾಟಕ ಭವನದ ಡ್ರೈವರ್ ಒಬ್ಬ ದಹಿಯಾನಿಗೆ ಮಂಗಳಾರತಿಯ ಒಳಗುಟ್ಟು ಬಿಡಿಸಿ ಹೇಳಿದ್ದು ವಾರದ ಮೇಲೆ. ದಹಿಯಾ ಕೆಂಡವಾಗಿ ಬಂದ.

"ನನಗೆ ಸುಳ್ಳು ಬರ್ಕೊಟ್ಟಿರಿ!"

"ಯಾವ ಪದ ಸುಳ್ಳು, ತೋರಿಸಿ. ಸುಳ್ಳಲ್ಲ, ಕಿಡಿಗೇಡಿತನ. ಅದನ್ನ ಒಪ್ಕೋತೀನಿ" ಎಂದಳು ದೇವಕಮ್ಮ. ಅವಳಿಗೂ ಭಯವಿತ್ತು: ಮೇಜು ಎತ್ತಿಸಿದರೆ ಊಟಕ್ಕೇನು ಗತಿ? "ಆದರೆ ಯಾರಿಗಾದರೂ ಗಾಯ ಆಯ್ತಾ? ಒಂದು ಗಾಜು ಒಡೀತಾ? ಒಡೆಯೋ ಮಾತನ್ನ ನಾನೇ ಹೊಡೆದು ಹಾಕಿದ್ದೆ." ಗೀರು ಹಾಕಿದ ಮೂಲಪಟ್ಟಿಯನ್ನು ಅವನ ಮುಂದೆ ಇಟ್ಟು, ನಾಲ್ಕನೆಯದನ್ನು ಓದಿ ಹೇಳಿದಳು.

ದಹಿಯಾ ಅರ್ಥವಾಗದ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದ. ಮೀಸೆಯೊಳಗೆ ಏನೋ ಗೊಣಗಿ ಹೊರಟುಹೋದ. ಮೇಜು ಎತ್ತಿಸಲಿಲ್ಲ.

ಹೋಳಿ ಕಳೆದ ಮೇಲೆ ಒಂದು ದಿನ, ಸಮವಸ್ತ್ರವಿಲ್ಲದೆ, ಮಫ್ಲರ್ ಸುತ್ತಿಕೊಂಡು ಮತ್ತೆ ಬಂದ. ಬಿಸಿಲಿಗೆ ಮಫ್ಲರ್ ಯಾಕೆಂದು ದೇವಕಮ್ಮ ಕೇಳಲಿಲ್ಲ.

"ಪೊಲೀಸ್ ಕ್ವಾರ್ಟರ್ಸ್‌ನಲ್ಲಿ ಎರಡು ತಿಂಗಳಿಂದ ನೀರಿಲ್ಲ. ನಾವು ಕೂಗೋ ಹಾಗಿಲ್ಲ. ಮನೆಯವಳು ಕೂಗ್ತಾಳೆ, ಅಕ್ಕಪಕ್ಕದವರೂ ಬರ್ತಾರೆ. ಒಂದು ಅರ್ಜಿ..."

ದೇವಕಮ್ಮ ಹೊಸ ಹಾಳೆ ತೂರಿಸಿದಳು. "ಎಷ್ಟು ಹೆಂಗಸರು ಸಾಹೇಬ್ರೇ?"

"ನಲವತ್ತು. ಖಾಲಿ ಕೊಡ ತರ್ತಾರೆ." ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಕೊಡ ಬಡಿಯೋದು ಪ್ರಚೋದನೆ ಆಗುತ್ತಾ?"

"ಸಂಗೀತ ಅಂತ ಬರೀತೀನಿ" ಎಂದು ಅವಳು ಕೀಲಿ ಒತ್ತಿದಳು.