ಕುಂಕುಮ ಹಚ್ಚಿದ ನಾಲ್ಕು ಡಿಸ್ಕ್

ಇದನ್ನು ಬರೆಯಬೇಡ, ಮನೆತನದ ಮರ್ಯಾದೆ ಎಂದು ಅಣ್ಣ ಈಗಲೂ ಹೇಳುತ್ತಾನೆ. ಬರೆಯುತ್ತೇನೆ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಅರಸೀಕೆರೆಯಲ್ಲಿ ಅಣ್ಣನದೂ ನನ್ನದೂ ಸೇರಿ ಒಂದು ಫೋಟೋ ಸ್ಟುಡಿಯೊ ಇತ್ತು. ಮದುವೆ ಫೋಟೋಗಳೆಲ್ಲ ಒಂದೇ ಕಂಪ್ಯೂಟರಿನ ನಾಲ್ಕು ಡಿಸ್ಕ್‌ಗಳಲ್ಲಿ ಇರುತ್ತಿದ್ದವು. ಪ್ರತಿ ಫೋಟೋವನ್ನೂ ಚೂರು ಮಾಡಿ ನಾಲ್ಕಕ್ಕೂ ಹಂಚುವ ಏರ್ಪಾಡು. ನಾಲ್ಕೂ ಕ್ರಮವಾಗಿ ಕೂತರೆ ಮಾತ್ರ ಚಿತ್ರ. ಅದನ್ನು ನೋಡಿಕೊಳ್ಳುತ್ತಿದ್ದವಳು ಗಂಡಸಿ ಊರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹೆಂಗಸು, ಬೌದ್ಧರ ಮನೆಯವಳು.

ಆಯುಧಪೂಜೆಯ ದಿನ ಅವಳು ಪೂಜೆಗೆ ನಿಲ್ಲದೆ ಹೊರಗೆ ಕೂತಿದ್ದಳು. ನಾನು ಕ್ಯಾಮೆರಾ, ಲೈಟು ಒರೆಸಿ, ಕಂಪ್ಯೂಟರಿನ ಒಳಗಿರುವುದೂ ಆಯುಧವೇ ಎಂದು ಡಿಸ್ಕ್‌ಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿ, ಸಾಲಾಗಿಟ್ಟು ಕುಂಕುಮ ಹಚ್ಚಿದೆ. ಆಮೇಲೆ ಕೈಗೆ ಸಿಕ್ಕಂತೆ ಜೋಡಿಸಿದೆ. ಸ್ಕ್ರೀನು ರಿಪೇರಿ ಮಾಡಲೇ ಎಂದು ಕೇಳಿತು. ಹೂಂ ಎಂದು ಒತ್ತಿದೆ, ಭಯವಾಗಿ ಅರ್ಧಕ್ಕೇ ನಿಲ್ಲಿಸಿದೆ.

ಮರುದಿನ ಒಂದು ಫೋಟೋವೂ ತೆರೆಯಲಿಲ್ಲ. ಮಗಳ ಮದುವೆಯ ಆಲ್ಬಮ್ಮಿಗೆ ಜಾವಗಲ್ಲಿನವರು ಬಂದು ಕೂತಿದ್ದರು. ಅವರೆದುರೇ ಅಣ್ಣ, "ಪೂಜೆಗೆ ಕೈ ಮುಗೀದೋಳು ಏನು ಒತ್ತವ್ಳೋ," ಎಂದು ನನ್ನ ಕಡೆ ನೋಡಿದ.

"ಇರಬೋದು," ಎಂದೆ ನಾನು.

ಅವಳು ಅಳಲಿಲ್ಲ. "ಇದು ತೆರೆಯೋಗಂಟ ನಾನು ಈ ಕುರ್ಚಿ ಬಿಟ್ಟು ಏಳಾಕಿಲ್ಲ ಕಣ್ರೀ," ಎಂದು ಪೆಟ್ಟಿಗೆ ಬಿಚ್ಚಿದಳು. ಕುಂಕುಮ ಕಂಡಿತು. ನನ್ನನ್ನೊಮ್ಮೆ ನೋಡಿದಳು, ಅಷ್ಟೇ.

ಮೊದಲು ನಾಲ್ಕರದ್ದೂ ಬೇರೆ ಡಿಸ್ಕ್‌ಗಳಲ್ಲಿ ನಕಲು ತೆಗೆದಳು. ಪ್ರಯೋಗವೆಲ್ಲ ನಕಲಿನ ಮೇಲೆಯೇ. ಆಮೇಲೆ ಮೂಲದ ನಾಲ್ಕನ್ನೂ ಮೇಜಿನ ಮೇಲಿಟ್ಟು ಬೊಟ್ಟುಗಳನ್ನು ಹೋಲಿಸಿದಳು. ಒಂದರ ಮೇಲೆ ದಪ್ಪ ಬೊಟ್ಟು, ಮುಂದಿನವು ತೆಳು, ಕೊನೆಯದರಲ್ಲಿ ಬರೀ ಬೆರಳ ಗುರುತು. ಒಮ್ಮೆ ಅದ್ದಿದ ಬೆರಳಲ್ಲೇ ನಾನು ನಾಲ್ಕಕ್ಕೂ ಹಚ್ಚಿದ್ದೆ, ಬಿಚ್ಚಿದ ಕ್ರಮದಲ್ಲೇ. ಆ ಕ್ರಮದಲ್ಲಿ ನಕಲುಗಳನ್ನು ಜೋಡಿಸಿದಳು. ಜಾವಗಲ್ಲಿನ ಮದುವೆ ಪೂರಾ ಬಂತು. ನಾನು ರಿಪೇರಿ ಒತ್ತಿದ್ದರಿಂದ ಬೇರೆಯವರ ಕೆಲವು ಫೋಟೋಗಳು ಮಾತ್ರ ಸೊಂಟದ ಕೆಳಗೆ ಬೂದಿ ಬಣ್ಣವಾಗಿಯೇ ಉಳಿದವು.

ಜಾವಗಲ್ಲಿನವರು ಆಲ್ಬಮ್ಮಿಗೆ ಮತ್ತೆ ಬಂದಾಗ ಅಣ್ಣ ಎಲ್ಲ ದೇವಿಯ ದಯೆ ಎಂದ. ನಾನು ಅವಳನ್ನು ಒಳಕೋಣೆಗೆ ಕರೆದು, ಬಿಚ್ಚಿದ್ದು ನಾನೇ, ತಪ್ಪಾಯಿತು ಎಂದೆ.

"ಯಾರ ಮುಂದೆ ನನ್ನ ಅಂದ್ರೋ ಅವರ ಮುಂದೆ ಹೇಳಿ. ಹೊರಗೇ ಕುಂತವ್ರೆ."

ನಾನು ಹೊರಗೆ ಹೋಗಲಿಲ್ಲ. ಅವಳು ಬ್ಯಾಗು ತಗೊಂಡು, ಅವರ ಮುಂದೆಯೇ ತಲೆಯೆತ್ತಿ ಹೋದಳು. ಮತ್ತೆ ಬರಲಿಲ್ಲ.

ಜಾವಗಲ್ಲಿನವರೇ, ಡಿಸ್ಕ್ ಕೆಡಿಸಿದವನು ನಾನು. ನಿಮ್ಮ ಮಗಳ ಧಾರೆಯ ಫೋಟೋ ಉಳಿಸಿಕೊಟ್ಟವಳು ಅವಳು. ಅಣ್ಣ ಬೇಕಾದರೆ ಮಾತು ಬಿಡಲಿ.