ಬೆಕ್ಕಿನ ಕಿವಿ ಇದ್ದ ಮೂಲೆ

ವಾಸೆತ್ ಪಟ್ಟಣದಲ್ಲಿ ಅಮುನ್ ದೇವರಿಗೆ ಹೊಸ ಗುಡಿ ಕಟ್ಟಿಸಿದ ಅಧಿಕಾರಿ ಪೆನ್‌ರೆಯ ಕೊರಳಿಗೆ ಅರಸ ಚಿನ್ನದ ಹಾರ ಹಾಕಿಸಿದ. ಬಂಡೆ ಎಳೆದು ಬೆನ್ನು ಮುರಿದುಕೊಂಡವರು ಯಾರೋ, ಹಾರ ಬಿದ್ದದ್ದು ಯಾರಿಗೋ. ಆದರೂ ಪೆನ್‌ರೆ ಕೆಟ್ಟವನಲ್ಲ. ಆ ಮರ್ಯಾದೆಯನ್ನು ಕಲ್ಲಿನಲ್ಲಿ ಕೆತ್ತಿ ಗುಡಿಯ ಅಂಗಳದಲ್ಲಿ ನಿಲ್ಲಿಸುವ ಕೆಲಸ ಕಲ್ಲುಕುಟಿಗ ದಿದಿಯನಿಗೆ ಬಂತು. ಮುಗಿದ ಕಲ್ಲನ್ನು ನೋಡಿ ಪೆನ್‌ರೆ ಹಿಗ್ಗಿಹೋದ.

"ಏನ್ ಬೇಕೋ ಕೇಳಯ್ಯ. ಮನಸ್ಸು ಬದಲಾಗೋಕೆ ಮುಂಚೆ ಕೇಳ್ಬಿಡು!"

ದಿದಿಯ ಗೋಧಿ ಕೇಳಲಿಲ್ಲ, ಬಟ್ಟೆ ಕೇಳಲಿಲ್ಲ. "ಬುದ್ಧೀ, ಈ ಕೆಳಮೂಲೇಲಿ ನನ್ ಮಗಳ ಹೆಸ್ರು ಕೆತ್ಕೊಳ್ಲಾ?"

ಮಗಳು ತಾಮಿತ್ ನೀರಿಗೆ ಹೋದವಳು ಹೊಳೆಯ ಪಾಲಾಗಿದ್ದಳು. ಹೆಣವೂ ಸಿಗಲಿಲ್ಲ. ಕೆಡದಂತೆ ಬಟ್ಟೆ ಸುತ್ತಿ ಕಾಪಿಡಲು ಮೈಯಿಲ್ಲ, ಇಡಲು ಗೋರಿಯಿಲ್ಲ. ಉಳಿದದ್ದು ಹೆಸರೊಂದೇ. ಗುಡಿಯ ಕಲ್ಲಿನಲ್ಲಿ ಹೆಸರಿದ್ದರೆ ದೇವರ ಎಡೆಯಲ್ಲಿ ಸತ್ತವರಿಗೂ ಒಂದು ತುತ್ತು ಹೋಗುತ್ತದೆ. ಹೆಸರೂ ಅಳಿದರೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಪೆನ್‌ರೆ ಒಪ್ಪಿದ. ತಾಮಿತ್ ಅಂದರೆ ಹೆಣ್ಣು ಬೆಕ್ಕು. ಮಗಳ ಹೆಸರು ಕೆತ್ತಿ, ಅದರ ಕೊನೆಗೆ ದಿದಿಯ ಪುಟ್ಟ ಬೆಕ್ಕೊಂದನ್ನು ಕೂರಿಸಿದ. ಹೆಂಡತಿ ಹೆನುತ್‌ಗೆ ಓದು ಬಾರದು. ಹಬ್ಬಕ್ಕೊಮ್ಮೆ ಅಂಗಳಕ್ಕೆ ಜನರನ್ನು ಬಿಟ್ಟಾಗ ಅವಳು ಬಂದು, ಕಲ್ಲನ್ನು ತಡವಿ, ಬೆಕ್ಕಿನ ಕಿವಿ ಬೆರಳಿಗೆ ತಾಗಿದೊಡನೆ ನಿಲ್ಲುತ್ತಿದ್ದಳು. ಅಲ್ಲಿ ನೀರು ಹೊಯ್ದು, ಈರುಳ್ಳಿಯ ಕಟ್ಟು ಇಟ್ಟು, "ಉಣ್ಣು ಮಗಾ" ಅನ್ನುತ್ತಿದ್ದಳು.

ಅರಸ ತೀರಿಕೊಂಡ. ಹೊಸ ಅರಸನ ಕಣ್ಣಿಗೆ ಪೆನ್‌ರೆ ಮುಳ್ಳಾದ. ಅವನನ್ನು ಮರಳುಗಾಡಿನ ಗಣಿಗೆ ಅಟ್ಟಿದರು. ಕಲ್ಲುಕುಟಿಗರ ಮೇಸ್ತ್ರಿ ಬಾತಾ ಅಪ್ಪಣೆ ಹೊತ್ತು ಬಂದ.

"ದಿದಿಯಣ್ಣ, ಆ ಕಲ್ಲಿನ ಮ್ಯಾಲಿನ ಹೆಸ್ರೆಲ್ಲಾ ಕಿತ್ತಾಕ್ಬೇಕಂತೆ. ಅವನ್ದು, ಅವನ ಹೆಂಡ್ರದು, ಆಳುಗಳದು. ಗುಡಿ ಕಟ್ಸಿದ್ದು ಈಗ ಹೊಸ ಅಧಿಕಾರಿಯಂತೆ."

"ಅಡಿಪಾಯ ಹಾಕ್ದಾಗ ಅವ್ನು ಅಂಬೆಗಾಲಿಡ್ತಿದ್ದ ಕಣೋ!"

"ಬಾಯ್ ಮುಚ್ಚಣ್ಣ. ಗೋಡೆಗೂ ಕಿವಿ ಕೆತ್ತಿರೋರು ನಾವೇ."

ದೊಡ್ಡವರ ಹೆಸರನ್ನೆಲ್ಲ ದಿದಿಯ ಉಳಿಯಿಂದ ಹೊಡೆದು ಹಾಕಿದ. ಮೂಲೆಗೆ ಬಂದಾಗ ಕೈ ಏಳಲಿಲ್ಲ. ಗಾರೆ ಕಲಸಿ ಮಗಳ ಹೆಸರಿನ ಸೀಳುಗಳಿಗೆ ತುಂಬಿ, ತಿಕ್ಕಿ ನುಣುಪು ಮಾಡಿ, ಕಲ್ಲಿನ ಬಣ್ಣ ಬಳಿದ. ಕಾಲ ತಿಳಿಯಾದ ಮೇಲೆ ಗಾರೆ ಕೆರೆದು ತೆಗೆದರಾಯಿತು ಎಂಬುದು ಅವನ ಎಣಿಕೆ.

ಬಾತಾ ಬಂದು ನೋಡಿದ. ಉಗುಳು ಹಚ್ಚಿದ ಹೆಬ್ಬೆರಳಿನಿಂದ ಮೂಲೆಯನ್ನು ಉಜ್ಜಿದ. ಬೆರಳಿಗೆ ಗಾರೆ ಬೆಳ್ಳಗೆ ಮೆತ್ತಿಕೊಂಡಿತು.

"ಒಡೆದ ಕಲ್ಲಿಗೆ ತೇಪೆ ಹಾಕೋಕೆ ನಂಗೆ ಕಲಿಸ್ದೋನು ನೀನೇ ಅಲ್ವೇನಣ್ಣ? ನನ್ ಹತ್ರಾನೇ ಈ ಆಟವಾ?"

"ನಿನ್ನ ದಮ್ಮಯ್ಯ ಬಾತಾ. ಅದು ಅವ್ರ ಮನೆ ಹೆಸ್ರಲ್ಲ. ನನ್ ಕೂಸಿನ್ದು."

ಬಾತಾ ಅತ್ತಿತ್ತ ನೋಡಿದ. "ಗೊತ್ತು. ನಾಳೆ ಅರಮನೆಯೋರು ನೋಡೋಕೆ ಬರ್ತಾರೆ. ಅವ್ರ ಕಣ್ಣಿಗೆ ಬಿದ್ರೆ ನಿನ್ ಕೈ ಹೋಗ್ತದೆ, ನನ್ನದೂ ಹೋಗ್ತದೆ. ನಂಗೂ ಮನೆ ತುಂಬಾ ಮಕ್ಳು." ಉಳಿಯನ್ನು ಎತ್ತಿ ಕೊಟ್ಟ. "ನಾನು ಮಾಡ್ಲಾ?"

"ಬ್ಯಾಡ. ನೀನು ಮುಟ್ಬ್ಯಾಡ."

ಗಾರೆ ಉದುರಿತು. ಅದರ ಹಿಂದೆ ಅಕ್ಷರಗಳು ಉದುರಿದವು. ಬೆಕ್ಕು ಕೊನೆಗೆ ಹೋಯಿತು. ಮೇಲಿನ ಖಾಲಿ ಜಾಗದಲ್ಲಿ ಹೊಸ ಅಧಿಕಾರಿಯ ಬಿರುದುಗಳನ್ನೂ ದಿದಿಯನೇ ಕೆತ್ತಬೇಕಾಯಿತು. ಅವು ಕೆಳಮೂಲೆಯವರೆಗೂ ಇಳಿದವು. ಆ ಹೊಸ ಅಧಿಕಾರಿಗೂ ಅರಸ ಹಾರ ಹಾಕಿಸಿದ.

ಹಬ್ಬ ಬಂತು. ಹೆನುತ್ ಕೊಡ ಹೊತ್ತು ಹೊರಟಳು. ಹೇಳಬೇಕೆಂದು ದಿದಿಯ ದಾರಿಯುದ್ದಕ್ಕೂ ಬಾಯಿ ತೆರೆದ, ತೆರೆದಾಗಲೆಲ್ಲ ಬಿಸಿಲಿನ ಮಾತಾಡಿದ. ಅಂಗಳದಲ್ಲಿ ಅವಳು ಎಂದಿನಂತೆ ಕುಕ್ಕರಗಾಲಲ್ಲಿ ಕುಳಿತು ತಡವತೊಡಗಿದಳು. ತಡವಿದಳು, ಮತ್ತೆ ತಡವಿದಳು.

"ಎಲ್ಲಿ?"

ದಿದಿಯ ಅವಳ ಬೆರಳು ಹಿಡಿದು ಯಾವುದೋ ಅಕ್ಷರದ ಮೇಲಿಟ್ಟ. "ಇಲ್ಲೇ ಕಣೇ. ಹೊಸ್ದಾಗಿ ತಿದ್ದಿದೀನಿ."

ಅವಳು ಅದನ್ನು ಮೇಲಿಂದ ಕೆಳಗೆ ಸವರಿದಳು.

"ಕಿವಿ ಎಲ್ಲಿ?"

ಹಿಂದೆ ನಿಂತ ಜನ, "ಬೇಗ ಮುಗ್ಸವ್ವಾ, ನಾವೂ ಬರ್ಬೇಕು" ಎಂದು ನೂಕುತ್ತಿದ್ದರು. ಹೆನುತ್ ಕೊಡ ಎತ್ತಿದಳು, ಎಲ್ಲಿ ಹೊಯ್ಯಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡು ಗಂಡನ ಮುಖ ನೋಡಿದಳು.